ವೆಂಟಿಲೇಟರ್ ಯಾವಾಗ ತೆಗೀಬೇಕು? ಐಸಿಯುನಲ್ಲಿ ದಿನಾ ಕೇಳಬೇಕಾದ ಪ್ರಶ್ನೆ

‘ವೆಂಟಿಲೇಟರ್ ತೆಗೀತಾರಂತೆ’ ಅನ್ನೋ ಮಾತು ಕಿವಿಗೆ ಬಿದ್ದರೆ ನಮ್ಮ ಮನೆಗಳಿಂದ ಮುಂದಿನ ಫೋನ್ ಹೋಗೋದು ಊರಿನ ನೆಂಟರಿಗೆ, ಬೇಗ ಹೊರಟು ಬನ್ನಿ ಅಂತ. ಈ ಒಂದೇ ವಾಕ್ಯಕ್ಕೆ ಎರಡು ತದ್ವಿರುದ್ಧ ಅರ್ಥಗಳಿವೆ. ಇನ್ನು ಚಿಕಿತ್ಸೆಯಿಂದ ಪ್ರಯೋಜನ ಇಲ್ಲ ಅಂತ ತೀರ್ಮಾನವಾದ ಮೇಲೆ ಯಂತ್ರ ನಿಲ್ಲಿಸುವುದು ಒಂದು. ರೋಗಿ ಚೇತರಿಸಿಕೊಂಡಿದ್ದಾರೆ, ಇನ್ನು ತಾವೇ ಉಸಿರಾಡಬಲ್ಲರು ಅಂತ ಯಂತ್ರದಿಂದ ಬಿಡಿಸುವುದು ಇನ್ನೊಂದು. ಮೊದಲನೆಯದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ದಾರಿ ತೋರಿಸಿತು, 2023ರಲ್ಲಿ ಆ ದಾರಿಯನ್ನು ಕೊಂಚ ಸರಳ ಮಾಡಿತು, 2025ರ ಜನವರಿ ಕೊನೆಗೆ ಕರ್ನಾಟಕದ ಆರೋಗ್ಯ ಇಲಾಖೆಯೂ ಸುತ್ತೋಲೆ ಹೊರಡಿಸಿತು. ಅದರ ಬಗ್ಗೆ ಚರ್ಚೆ ಸಾಕಷ್ಟು ಆಗಿದೆ. ಎರಡನೆಯದು ಪ್ರತಿದಿನ ಪ್ರತಿ ಐಸಿಯುನಲ್ಲೂ ನಡೆಯುವ ಕೆಲಸ. ಅದರ ಬಗ್ಗೆ ಯಾರೂ ಮಾತೇ ಆಡಲ್ಲ. ಈ ಲೇಖನ ಅದರ ಬಗ್ಗೆ.

ಡಾಕ್ಟರುಗಳು ಇದನ್ನು ‘ವೀನಿಂಗ್’ ಅಂತಾರೆ. ಮಗುವಿಗೆ ಎದೆಹಾಲು ಬಿಡಿಸೋದಕ್ಕೂ ಇಂಗ್ಲಿಷ್‌ನಲ್ಲಿ ಅದೇ ಪದ. ದಿನಾ ಒಂಚೂರು ಕಮ್ಮಿ ಮಾಡ್ತಾ, ಸಮಾಧಾನ ಮಾಡ್ತಾ, ನಿಧಾನಕ್ಕೆ ಬಿಡಿಸೋ ಚಿತ್ರ ಕಣ್ಣಿಗೆ ಬರುತ್ತೆ. ಆ ಚಿತ್ರವೇ ದಾರಿ ತಪ್ಪಿಸುತ್ತೆ ಅನ್ನೋದು ಕಳೆದ ಮೂವತ್ತು ವರ್ಷಗಳ ಸಂಶೋಧನೆಯ ಸಾರ. ಬಹಳಷ್ಟು ರೋಗಿಗಳಿಗೆ ನಿಧಾನಕ್ಕೆ ಬಿಡಿಸುವ ಅಗತ್ಯವೇ ಇರಲ್ಲ. ಅವರು ಆಗಲೇ ತಯಾರಾಗಿರ್ತಾರೆ. ತಯಾರಾಗಿದ್ದಾರಾ ಅಂತ ಯಾರೂ ಹೋಗಿ ನೋಡಿರಲ್ಲ, ಅಷ್ಟೇ.

ಯಂತ್ರ ಮಾಡುವುದೇನು?

ನಾವು ಉಸಿರು ಎಳೆದುಕೊಳ್ಳುವಾಗ ಎದೆಗೂಡಿನ ಕೆಳಗಿರುವ ಡಯಾಫ್ರಮ್, ಹೈಸ್ಕೂಲಿನಲ್ಲಿ ವಪೆ ಅಂತ ಓದಿದ್ದೆವಲ್ಲ ಅದು, ಕೆಳಕ್ಕೆ ಜಗ್ಗುತ್ತದೆ. ಎದೆಯೊಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ತಾನಾಗಿ ಒಳಗೆ ಹರಿಯುತ್ತದೆ. ವೆಂಟಿಲೇಟರ್ ಇದನ್ನು ತಿರುವುಮುರುವು ಮಾಡುತ್ತದೆ. ಬಾಯಿಯಿಂದ ಧ್ವನಿಪೆಟ್ಟಿಗೆಯ ನಡುವೆ ಹಾದು ಶ್ವಾಸನಾಳಕ್ಕೆ ಇಳಿದ ಒಂದು ಟ್ಯೂಬಿನ ಮೂಲಕ ಗಾಳಿಯನ್ನು ಒತ್ತಿ ತುಂಬುತ್ತದೆ, ಸೈಕಲ್ ಪಂಪಿನ ಹಾಗೆ. ನಾನು ಓದಿದ್ದು ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರಿಂಗ್. ಆ ಕಣ್ಣಿನಿಂದ ನೋಡಿದರೆ ವೆಂಟಿಲೇಟರ್ ತೀರಾ ನಿಗೂಢ ವಸ್ತುವೇನಲ್ಲ. ಒತ್ತಡ, ಹರಿವು, ಪ್ರಮಾಣ, ಈ ಮೂರನ್ನು ಅಳೆಯುತ್ತಾ ವಾಲ್ವ್ ತೆರೆದು ಮುಚ್ಚುವ ಯಂತ್ರ.

ಮುಖ್ಯವಾದ ಮಾತು ಅಂದರೆ, ಈ ಯಂತ್ರ ಏನನ್ನೂ ವಾಸಿ ಮಾಡಲ್ಲ. ನ್ಯುಮೋನಿಯಾ ವಾಸಿ ಮಾಡೋದು ಆಂಟಿಬಯಾಟಿಕ್. ನಾಗರಹಾವು ಕಚ್ಚಿ ಉಸಿರಾಟದ ಸ್ನಾಯು ಸೋತವರಿಗೆ ಬೇಕಾಗಿರೋದು ವಿಷದ ಪ್ರಭಾವ ಇಳಿಯುವವರೆಗಿನ ಕಾಲಾವಕಾಶ. ವೆಂಟಿಲೇಟರ್ ಕೊಡೋದು ಆ ಕಾಲಾವಕಾಶವನ್ನು ಮಾತ್ರ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹರಡಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಮಾಡಿದ್ದೂ ಇದನ್ನೇ. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಯಂತ್ರಗಳು ಸಾಲದೆ, ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ಇವತ್ತಿನ ಐಸಿಯು ಹುಟ್ಟಿದ್ದೇ ಅಲ್ಲಿ ಅಂತ ವೈದ್ಯಕೀಯ ಇತಿಹಾಸ ಬರೆಯುವವರು ಹೇಳುತ್ತಾರೆ.

ಕಾಲಾವಕಾಶಕ್ಕೆ ಬಡ್ಡಿ ಇದೆ. ಟ್ಯೂಬ್ ಇರುವಷ್ಟು ದಿನವೂ ಶ್ವಾಸಕೋಶಕ್ಕೆ ಹೊಸ ಸೋಂಕು ಇಳಿಯಲು ಒಂದು ದಾರಿ ತೆರೆದೇ ಇರುತ್ತದೆ. ಟ್ಯೂಬ್ ಸಹಿಸಿಕೊಳ್ಳಲಿ ಅಂತ ನಿದ್ರೆಯ ಔಷಧಿ ಕೊಡಬೇಕು, ಅದರಿಂದ ಸನ್ನಿ ಹಿಡಿದ ಹಾಗೆ ಬಡಬಡಿಸುವವರಿದ್ದಾರೆ. ಮಲಗಿದಲ್ಲೇ ಕೈಕಾಲಿನ ಮಾಂಸಖಂಡ ಕರಗುತ್ತದೆ. ಎಲ್ಲಕ್ಕಿಂತ ವಿಚಿತ್ರವಾದದ್ದು ಡಯಾಫ್ರಮ್ಮಿನ ಗತಿ. 2008ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ, ಮೆದುಳು ನಿಷ್ಕ್ರಿಯಗೊಂಡು ಅಂಗದಾನ ಮಾಡಿದ 14 ಮಂದಿಯ ಡಯಾಫ್ರಮ್ ಪರೀಕ್ಷಿಸಿದ್ದರು. ಅವರು ವೆಂಟಿಲೇಟರ್ ಮೇಲಿದ್ದದ್ದು 18ರಿಂದ 69 ಗಂಟೆ ಮಾತ್ರ. ಅಷ್ಟರಲ್ಲೇ ಸ್ನಾಯುವಿನ ಎಳೆಗಳು, ಹೋಲಿಕೆಗೆ ತೆಗೆದುಕೊಂಡವರ ಎಳೆಗಳ ಅರ್ಧಕ್ಕಿಂತ ಕಡಿಮೆ ಗಾತ್ರಕ್ಕೆ ಬಂದಿದ್ದವು. ಉಸಿರಾಡಲು ನೆರವಾಗುವ ಯಂತ್ರವೇ, ಕೆಲಸವೆಲ್ಲ ತಾನೇ ಮಾಡಿಬಿಟ್ಟರೆ, ಉಸಿರಾಡುವ ಸ್ನಾಯುವನ್ನು ಸೊರಗಿಸುತ್ತದೆ.

ಎರಡು ತಪ್ಪು, ಒಂದೇ ಕಣ್ಣಿಗೆ ಕಾಣೋದು

ಹಾಗಾದರೆ ಬೇಗ ತೆಗೆದುಬಿಡಿ ಅನ್ನಬಹುದಾ? ಅದೂ ಅಪಾಯ. ಎಲ್ಲಾ ನೋಡಿ, ಸರಿ ಅಂತ ತೀರ್ಮಾನ ಮಾಡಿ ಟ್ಯೂಬ್ ತೆಗೆದವರಲ್ಲೂ ಹತ್ತರಲ್ಲಿ ಒಬ್ಬರಿಗೋ ಇಬ್ಬರಿಗೋ ಎರಡು ಮೂರು ದಿನದೊಳಗೆ ಮತ್ತೆ ಹಾಕಬೇಕಾಗುತ್ತದೆ. ಹೀಗೆ ಮತ್ತೆ ಟ್ಯೂಬ್ ಬಿದ್ದವರಲ್ಲಿ ಸಾವಿನ ಪ್ರಮಾಣ ಉಳಿದವರಿಗಿಂತ ಬಹಳ ಜಾಸ್ತಿ. ಅವರು ಮೊದಲೇ ಹೆಚ್ಚು ಕಾಯಿಲೆಯವರು ಅನ್ನೋದು ಅದಕ್ಕೆ ಒಂದು ಕಾರಣ. ಉಸಿರು ಸೋತು, ಆಕ್ಸಿಜನ್ ಇಳಿದು, ಗಡಿಬಿಡಿಯಲ್ಲಿ ಟ್ಯೂಬ್ ಹಾಕೋದೇ ಒಂದು ಹೊಡೆತ ಅನ್ನೋದೂ ಕಾರಣ.

ಹೀಗಾಗಿ ಇಲ್ಲಿ ತಪ್ಪು ಎರಡು ಕಡೆಗೂ ಆಗಬಹುದು. ಆದ್ರೆ ಆ ಎರಡು ತಪ್ಪುಗಳು ಒಂದೇ ಥರ ಕಾಣಲ್ಲ. ಬೇಗ ತೆಗೆದ ತಪ್ಪು ರಾತ್ರಿ ಮೂರು ಗಂಟೆಗೆ ಅಲಾರಂ ಹೊಡೆಯುತ್ತೆ, ಡ್ಯೂಟಿ ಡಾಕ್ಟರ್ ಓಡಿ ಬರ್ತಾರೆ, ಬೆಳಗ್ಗೆ ರೌಂಡ್ಸ್‌ನಲ್ಲಿ ಯಾರು ತೆಗೆಸಿದ್ದು ಅಂತ ಪ್ರಶ್ನೆ ಬರುತ್ತೆ. ತಡ ಮಾಡಿದ ತಪ್ಪಿಗೆ ಅಲಾರಂ ಇಲ್ಲ. ಮಂಗಳವಾರ ತೆಗೆಯಬಹುದಾಗಿದ್ದ ಟ್ಯೂಬನ್ನು ಶುಕ್ರವಾರ ತೆಗೆದರೆ ಯಾರೂ ದೂರು ಕೊಡಲ್ಲ, ಮನೆಯವರು ಕೈಮುಗಿದು ಥ್ಯಾಂಕ್ಸ್ ಹೇಳ್ತಾರೆ. ಆ ಮೂರು ದಿನದಲ್ಲಿ ಅಂಟಿದ ಸೋಂಕು ‘ಕಾಂಪ್ಲಿಕೇಶನ್’ ಅಂತ ಕೇಸ್ ಶೀಟಿನಲ್ಲಿ ಸೇರಿಕೊಳ್ಳುತ್ತೆ. ಮನುಷ್ಯರು ಇಂಥ ಸಂದರ್ಭದಲ್ಲಿ ಯಾವ ಕಡೆ ವಾಲ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ. ಒಂದು ಐಸಿಯುನಲ್ಲಿ ತೆಗೆದ ಟ್ಯೂಬ್ ಒಂದನ್ನೂ ಮತ್ತೆ ಹಾಕುವ ಪ್ರಸಂಗವೇ ಬರ್ತಿಲ್ಲ ಅಂದ್ರೆ ಅದು ಹೆಮ್ಮೆಪಡೋ ವಿಷಯ ಆಗಬೇಕಿಲ್ಲ. ಅಲ್ಲಿ ಎಲ್ಲರಿಗೂ ತಡವಾಗಿ ತೆಗೀತಿದ್ದಾರೆ ಅನ್ನೋ ಅನುಮಾನಕ್ಕೂ ಜಾಗ ಇದೆ.

ವಾಲುತ್ತಾರೆ ಅನ್ನೋದಕ್ಕೆ ಪುರಾವೆ ಸ್ವತಃ ರೋಗಿಗಳೇ ಕೊಟ್ಟಿದ್ದಾರೆ. ಅರೆಪ್ರಜ್ಞೆಯಲ್ಲಿ, ಕಿರಿಕಿರಿ ತಾಳದೆ ಟ್ಯೂಬನ್ನು ತಾವೇ ಕಿತ್ತು ಹಾಕುವವರು ಎಲ್ಲಾ ಐಸಿಯುಗಳಲ್ಲೂ ಇರ್ತಾರೆ. ಅದಕ್ಕೇ ಕೈ ಕಟ್ಟೋದು. ಹಾಗೆ ಕಿತ್ತುಕೊಂಡವರನ್ನು ಬೇರೆ ಬೇರೆ ದೇಶಗಳಲ್ಲಿ ಲೆಕ್ಕ ಹಾಕಿ ನೋಡಿದಾಗ, ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ಮತ್ತೆ ಟ್ಯೂಬ್ ಬೇಕಾಗಲೇ ಇಲ್ಲ. ಡಾಕ್ಟರ್ ಇನ್ನೂ ಬೇಕು ಅಂತಿದ್ದ ಯಂತ್ರ ಅವರಿಗೆ ಬೇಡವಾಗಿತ್ತು. (ಇದನ್ನು ಓದಿ ಯಾರೂ ಧೈರ್ಯ ಮಾಡಬೇಡಿ. ಉಳಿದ ಅರ್ಧ ಜನರ ಕತೆ ಬೇರೆ.)

ತಡ ಆಗೋದಕ್ಕೆ ಮನೆಯವರ ಪಾಲೂ ಇದೆ. ನಮ್ಮ ದೊಡ್ಡಪ್ಪ ನ್ಯುಮೋನಿಯಾ ಆಗಿ ಒಂಬತ್ತು ದಿನ ವೆಂಟಿಲೇಟರ್ ಮೇಲಿದ್ದರು. ನಾಳೆ ತೆಗೆದು ನೋಡ್ತೀವಿ ಅಂತ ಡಾಕ್ಟರ್ ಹೇಳಿ ಹೋದ ಮೇಲೆ ದೊಡ್ಡಮ್ಮ ನನ್ನನ್ನು ಮೂಲೆಗೆ ಕರೆದು, “ಇಷ್ಟು ದಿನ ಇಟ್ಟಿದ್ದಾರೆ, ಇನ್ನೆರಡು ದಿನ ಇರ್ಲಿ ಅಂತ ಹೇಳೋ ಮಗಾ. ತೆಗೆದ ಮೇಲೆ ಏನಾದ್ರೂ ಆದ್ರೆ?” ಅಂದರು. ಇನ್ನೆರಡು ದಿನ ಇಟ್ರೂ ಏನಾದ್ರೂ ಆಗಬಹುದು ಅನ್ನೋದು ಅವರ ಲೆಕ್ಕದಲ್ಲಿ ಇರಲಿಲ್ಲ. ಇರೋದಾದ್ರೂ ಹೇಗೆ? ನಮ್ಮ ಕಣ್ಣಿಗೆ ಯಂತ್ರ ಅಂದ್ರೆ ಆಸರೆ. ಆಸರೆಯೇ ಬಳಲಿಸುತ್ತೆ ಅಂತ ಯಾರೂ ಹೇಳಿರಲ್ಲ.

ಯಂತ್ರ ನಿಲ್ಲಿಸಿ ನೋಡೋದು

ತಯಾರಿ ಅನ್ನೋದು ನೋಡಿದರೆ ತಿಳಿಯುವಂಥದ್ದಲ್ಲ, ಪರೀಕ್ಷೆ ಮಾಡಿಯೇ ತಿಳಿಯಬೇಕು. ಅನುಭವಿ ಡಾಕ್ಟರ್ ಹಾಸಿಗೆಯ ಪಕ್ಕ ನಿಂತು ಮಾಡುವ ಅಂದಾಜು ಕೂಡ ಎಷ್ಟೋ ಸಲ ತಪ್ಪುತ್ತೆ. ಪರೀಕ್ಷೆ ಮಾಡೋದು ಹೀಗೆ. ಮೊದಲು ಒಂದು ಜರಡಿ: ಯಂತ್ರ ಹಾಕಲು ಕಾರಣವಾದ ಕಾಯಿಲೆ ಇಳಿಮುಖವಾಗಿದೆಯಾ, ಕಡಿಮೆ ಆಕ್ಸಿಜನ್‌ನಲ್ಲೇ, ಸಾಮಾನ್ಯವಾಗಿ ಶೇ 40ರ ಆಸುಪಾಸಿನಲ್ಲಿ, ರಕ್ತದ ಆಕ್ಸಿಜನ್ ನಿಲ್ಲುತ್ತಿದೆಯಾ, ಬಿಪಿ ಹಿಡಿದು ನಿಲ್ಲಿಸಲು ದೊಡ್ಡ ಪ್ರಮಾಣದ ಔಷಧಿ ಹರಿಯುತ್ತಿದೆಯಾ, ರೋಗಿ ತಾನಾಗಿ ಉಸಿರು ಎಳೆಯಲು ಯತ್ನಿಸುತ್ತಿದ್ದಾರಾ. ಜರಡಿ ದಾಟಿದರೆ ಟ್ಯೂಬ್ ಹಾಗೇ ಇಟ್ಟು, ಯಂತ್ರದ ಬೆಂಬಲವನ್ನು ತೀರಾ ಕಮ್ಮಿ ಮಾಡಿಯೋ ಪೂರ್ತಿ ಕಳಚಿಯೋ ಅರ್ಧ ಗಂಟೆಯಿಂದ ಎರಡು ಗಂಟೆ ಬಿಡೋದು. ಇದಕ್ಕೆ ಸ್ವಂತ ಉಸಿರಾಟದ ಪರೀಕ್ಷೆ ಅನ್ನಬಹುದು. ಐಸಿಯುನಲ್ಲಿ ‘ಎಸ್‌ಬಿಟಿ’ ಅಂತಾರೆ. ನಿಮಿಷಕ್ಕೆ 35ಕ್ಕಿಂತ ಹೆಚ್ಚು ಏದುಸಿರು, ಮೈ ಬೆವರುವುದು, ಎದೆಬಡಿತ ಏರುವುದು, ಆಕ್ಸಿಜನ್ 90ಕ್ಕಿಂತ ಕೆಳಗಿಳಿಯುವುದು, ಕಣ್ಣಲ್ಲಿ ಗಾಬರಿ, ಇವು ಸೋತ ಲಕ್ಷಣ. ಸೋತರೆ ಯಂತ್ರ ಮತ್ತೆ ಜೋಡಿಸಿ, ಸೋತದ್ದೇಕೆ ಅಂತ ಹುಡುಕಿ, ಮಾರನೇ ದಿನ ಮತ್ತೆ ಪರೀಕ್ಷೆ.

ಸ್ಪೇನ್‌ನ ಆಂದ್ರೆಸ್ ಎಸ್ತೆಬಾನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದದ್ದು. ಸರಾಸರಿ ಏಳೂವರೆ ದಿನ ವೆಂಟಿಲೇಟರ್ ಮೇಲಿದ್ದು, ‘ಇನ್ನು ನಿಧಾನಕ್ಕೆ ಬಿಡಿಸಲು ಶುರು ಮಾಡಬಹುದು’ ಅಂತ ಡಾಕ್ಟರುಗಳು ತೀರ್ಮಾನಿಸಿದ 546 ರೋಗಿಗಳಿಗೆ ಮೊದಲು ಈ ಪರೀಕ್ಷೆ ಮಾಡಿದರು. 416 ಮಂದಿ ಮೊದಲ ಯತ್ನದಲ್ಲೇ ಪಾಸಾದರು. ನಾಲ್ವರಲ್ಲಿ ಮೂವರಿಗೆ ‘ನಿಧಾನಕ್ಕೆ ಬಿಡಿಸುವ’ ಪ್ರಶ್ನೆಯೇ ಬರಲಿಲ್ಲ, ಟ್ಯೂಬ್ ತೆಗೆದರು. ಸೋತ 130 ಮಂದಿಯನ್ನು ಬೇರೆ ಬೇರೆ ವಿಧಾನಗಳಿಗೆ ಹಂಚಿದರು. ಕೆಲವರಿಗೆ ಯಂತ್ರದ ಬೆಂಬಲವನ್ನು ದಿನಾ ಸ್ವಲ್ಪ ಸ್ವಲ್ಪ ಇಳಿಸುವುದು, ಇನ್ನು ಕೆಲವರಿಗೆ ದಿನಕ್ಕೊಂದು ಸಲ ಪರೀಕ್ಷೆ ಮಾಡಿ ಉಳಿದ ಹೊತ್ತು ಪೂರ್ತಿ ವಿಶ್ರಾಂತಿ ಕೊಡುವುದು. ದಿನಕ್ಕೊಂದು ಪರೀಕ್ಷೆ ಗೆದ್ದಿತು, ಇಳಿಸುತ್ತಾ ಹೋಗುವ ಒಂದು ವಿಧಾನಕ್ಕಿಂತ ಸುಮಾರು ಎರಡು ಪಟ್ಟು, ಇನ್ನೊಂದಕ್ಕಿಂತ ಮೂರು ಪಟ್ಟು ವೇಗವಾಗಿ.

ಮಾರನೇ ವರ್ಷ ಅಮೆರಿಕದಲ್ಲಿ ವೆಸ್ಲಿ ಈಲಿ ತಂಡ 300 ರೋಗಿಗಳ ಮೇಲೆ ಇನ್ನೂ ಸರಳವಾದ ಕೆಲಸ ಮಾಡಿತು. ಅರ್ಧದಷ್ಟು ರೋಗಿಗಳಿಗೆ ನರ್ಸ್‌ಗಳು ಮತ್ತು ರೆಸ್ಪಿರೇಟರಿ ಥೆರಪಿಸ್ಟ್‌ಗಳು ಪ್ರತಿದಿನ ಬೆಳಗ್ಗೆ ತಪ್ಪದೆ ಜರಡಿ ಹಿಡಿದು, ದಾಟಿದವರಿಗೆ ಪರೀಕ್ಷೆ ಮಾಡಿ, ಪಾಸಾದರೆ ‘ನಿಮ್ಮ ರೋಗಿ ಪಾಸ್’ ಅಂತ ಡಾಕ್ಟರಿಗೆ ತಿಳಿಸಿದರು. ತೀರ್ಮಾನ ಡಾಕ್ಟರದ್ದೇ. ಉಳಿದರ್ಧಕ್ಕೆ ಎಂದಿನ ಪದ್ಧತಿ. ವೆಂಟಿಲೇಟರ್ ಮೇಲಿನ ಕಾಲ ಆರು ದಿನದಿಂದ ನಾಲ್ಕೂವರೆ ದಿನಕ್ಕೆ ಇಳಿಯಿತು, ತೊಡಕುಗಳು ಶೇ 41ರಿಂದ ಶೇ 20ಕ್ಕೆ ಬಂದವು. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ದಿನಾ ಹೋಗಿ ಕೇಳಿದ್ದು, ಕೇಳಿದ್ದನ್ನು ಬರೆದಿಟ್ಟದ್ದು, ಅಷ್ಟೇ.

ಎಚ್ಚರವೇ ಇಲ್ಲದವರು ಪರೀಕ್ಷೆ ಬರೆಯೋದು ಹೇಗೆ? ಇದು ಮುಂದಿನ ತೊಡಕು. 2000ದಲ್ಲಿ ಶಿಕಾಗೋದ ಜಾನ್ ಕ್ರೆಸ್ ತಂಡ ದಿನಕ್ಕೊಮ್ಮೆ ನಿದ್ರೆಯ ಔಷಧಿ ನಿಲ್ಲಿಸಿ ರೋಗಿಯನ್ನು ಎಚ್ಚರಗೊಳಿಸಿ ನೋಡಿತು. 128 ರೋಗಿಗಳ ಆ ಅಧ್ಯಯನದಲ್ಲಿ ವೆಂಟಿಲೇಟರ್ ಅವಧಿ 7.3 ದಿನದಿಂದ 4.9 ದಿನಕ್ಕೆ ಬಂತು. 2008ರಲ್ಲಿ ಎರಡನ್ನೂ ಜೋಡಿಸಿದರು: ಬೆಳಗ್ಗೆ ಔಷಧಿ ನಿಲ್ಲಿಸು, ಎಚ್ಚರವಾದರೆ ಉಸಿರಾಟದ ಪರೀಕ್ಷೆ ಮಾಡು. 336 ರೋಗಿಗಳು, ನಾಲ್ಕು ಆಸ್ಪತ್ರೆ. ಬರೀ ಉಸಿರಾಟದ ಪರೀಕ್ಷೆ ಮಾಡಿ, ನಿದ್ರೆ ಔಷಧಿಯನ್ನು ಎಂದಿನಂತೆ ಕೊಟ್ಟವರಲ್ಲಿ ಒಂದು ವರ್ಷದೊಳಗೆ ಶೇ 58 ಮಂದಿ ತೀರಿಕೊಂಡಿದ್ದರು. ಜೋಡಿ ಪದ್ಧತಿಯಲ್ಲಿ ಶೇ 44. ಏಳು ಜನರಿಗೆ ಹೀಗೆ ಮಾಡಿದರೆ ಒಂದು ಜೀವ ಉಳಿಯುವ ಲೆಕ್ಕ. ಐಸಿಯುನಲ್ಲಿ ಇಷ್ಟು ಫಲ ಕೊಡುವ ಔಷಧಿಗಳನ್ನು ಬೆರಳಲ್ಲಿ ಎಣಿಸಬಹುದು.

105 ಎಂಬ ಸಂಖ್ಯೆ

ಎಂಜಿನಿಯರಿಂಗ್ ಓದಿದವರಿಗೆ ಸಹಜವಾಗಿ ಬರುವ ಪ್ರಶ್ನೆ: ಒಂದು ನಂಬರ್ ಕೊಡಿ, ಅದರ ಮೇಲಿದ್ರೆ ಬೇಡ, ಕೆಳಗಿದ್ರೆ ತೆಗೀರಿ ಅಂತ ಆಗಲ್ವಾ? ಅಂಥ ನಂಬರ್ ಇದೆ. 1991ರಲ್ಲಿ ಕಾರ್ಲ್ ಯಾಂಗ್ ಮತ್ತು ಮಾರ್ಟಿನ್ ಟೋಬಿನ್ ಕೊಟ್ಟದ್ದು. ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾರೆ ಅನ್ನೋದನ್ನು, ಪ್ರತಿ ಉಸಿರಿಗೆ ಎಷ್ಟು ಲೀಟರ್ ಗಾಳಿ ಹೋಗುತ್ತೆ ಅನ್ನೋದರಿಂದ ಭಾಗಿಸಬೇಕು. ನಿಮಿಷಕ್ಕೆ 20 ಉಸಿರು, ಪ್ರತಿಸಲ ಅರ್ಧ ಲೀಟರ್ ಆದರೆ 40. ಆರಾಮ. ನಿಮಿಷಕ್ಕೆ 36 ಉಸಿರು, ಪ್ರತಿಸಲ ಕಾಲು ಲೀಟರ್ ಆದರೆ 144. ಸೋಲುತ್ತಿರುವ ಸ್ನಾಯು ಹೀಗೇ ಮಾಡೋದು. ಆಳವಾಗಿ ಎಳೆಯಲು ಆಗದೆ, ಮೇಲುಮೇಲಿನ ಉಸಿರನ್ನು ಬೇಗ ಬೇಗ ಎಳೆಯುತ್ತದೆ. ಗಡಿ 105 ಅಂತ ಅವರು ಗುರುತಿಸಿದರು.

ಚಂದದ ಸೂತ್ರ. ಎರಡೇ ಅಳತೆ, ಒಂದೇ ಭಾಗಾಕಾರ. ಆದ್ರೆ 105 ಅನ್ನೋದು ಲಕ್ಷ್ಮಣರೇಖೆ ಅಲ್ಲ. ಸಣ್ಣ ಮೈಕಟ್ಟಿನವರ ಪ್ರತಿ ಉಸಿರೂ ಸಣ್ಣದೇ, ಅವರ ಅಂಕ ಸುಮ್ಮನೆ ಮೇಲೆ ಹೋಗುತ್ತದೆ. ಯಂತ್ರ ಒಂಚೂರು ಬೆಂಬಲ ಕೊಡುತ್ತಿರುವಾಗಲೇ ಅಳೆದರೆ ಅಂಕ ಸುಳ್ಳು ಸುಳ್ಳೇ ಚೆನ್ನಾಗಿ ಬರುತ್ತದೆ. ಪರೀಕ್ಷೆಯನ್ನು ಎಷ್ಟು ಕಠಿಣ ಮಾಡಬೇಕು ಅನ್ನೋದರಲ್ಲೂ ಜಗಳ ಇದೆ. ಯಂತ್ರ ಪೂರ್ತಿ ಕಳಚಿ ‘ಟಿ’ ಆಕಾರದ ಕೊಳವೆಯಲ್ಲಿ ಎರಡು ಗಂಟೆ ಬಿಡುವುದೇ ನಿಜವಾದ ಪರೀಕ್ಷೆ ಅಂತ ಒಂದು ಪಂಗಡ. ಟ್ಯೂಬ್ ಅನ್ನೋದೇ ಒಂದು ಸಪೂರ ಕೊಳವೆ, ಅದರ ಮೂಲಕ ಉಸಿರಾಡೋದೇ ಹೆಚ್ಚುವರಿ ಶ್ರಮ, ಅದನ್ನು ಸರಿದೂಗಿಸಲು ಸ್ವಲ್ಪ ಬೆಂಬಲ ಇರಲಿ ಅಂತ ಇನ್ನೊಂದು. 2019ರಲ್ಲಿ ಸ್ಪೇನ್‌ನಲ್ಲಿ 1153 ರೋಗಿಗಳ ಮೇಲೆ ಹೋಲಿಸಿದಾಗ, ಸ್ವಲ್ಪ ಬೆಂಬಲದೊಂದಿಗೆ ಅರ್ಧ ಗಂಟೆ ಪರೀಕ್ಷಿಸಿದವರಲ್ಲಿ ಶೇ 82 ಮಂದಿ ಯಶಸ್ವಿಯಾಗಿ ಹೊರಬಂದರು, ಕಠಿಣ ಪರೀಕ್ಷೆಯಲ್ಲಿ ಶೇ 74. ಪರೀಕ್ಷೆ ಕಷ್ಟ ಮಾಡಿದಷ್ಟೂ ಜಾಣರು ಸಿಗ್ತಾರೆ ಅನ್ನೋ ನಮ್ಮ ಕಾಲೇಜಿನ ನಂಬಿಕೆ ಇಲ್ಲಿ ಕೆಲಸ ಮಾಡಲಿಲ್ಲ.

ಇನ್ನೊಂದು ವಿಷಯ. ಯಂತ್ರ ಬೇಡ ಅನ್ನೋದು ಬೇರೆ, ಟ್ಯೂಬ್ ಬೇಡ ಅನ್ನೋದು ಬೇರೆ. ಉಸಿರಾಟದ ಪರೀಕ್ಷೆ ಹೇಳೋದು ಮೊದಲನೆಯದನ್ನು ಮಾತ್ರ. ಟ್ಯೂಬ್ ತೆಗೆದ ಮೇಲೆ ಕಫವನ್ನು ರೋಗಿಯೇ ಕೆಮ್ಮಿ ಹೊರಹಾಕಬೇಕು. ಕೆಮ್ಮಿಗೆ ಬಲ ಇದೆಯಾ ಅಂತ ನೋಡಲು ಟ್ಯೂಬಿನ ಬಾಯಿಗೆ ಒಂದೆರಡು ಸೆಂಟಿಮೀಟರ್ ದೂರದಲ್ಲಿ ಬಿಳಿ ಕಾರ್ಡ್ ಹಿಡಿದು ಕೆಮ್ಮಿಸಿ, ಕಾರ್ಡ್ ಒದ್ದೆಯಾಯಿತಾ ಅಂತ ನೋಡುವ ಪರೀಕ್ಷೆಯೂ ಇದೆ. ಲಕ್ಷಾಂತರ ರೂಪಾಯಿಯ ಯಂತ್ರದ ಪಕ್ಕ ಒಂದು ತುಂಡು ರಟ್ಟು. ಇನ್ನು ಗಂಟಲು. ದಿನಗಟ್ಟಲೆ ಟ್ಯೂಬ್ ಉಜ್ಜಿ ಧ್ವನಿಪೆಟ್ಟಿಗೆ ಊದಿಕೊಂಡಿದ್ದರೆ, ಟ್ಯೂಬ್ ಹೊರಬಂದ ತಕ್ಷಣ ದಾರಿ ಮುಚ್ಚಿಕೊಳ್ಳಬಹುದು. ಅದಕ್ಕೆ ಟ್ಯೂಬಿನ ತುದಿಯ ಪುಟ್ಟ ಬಲೂನಿನ ಗಾಳಿ ತೆಗೆದು, ಸುತ್ತಲಿಂದ ಗಾಳಿ ಸೋರುತ್ತದೆಯಾ ಅಂತ ಕೇಳುತ್ತಾರೆ. ಸೋರದಿದ್ದರೆ ಒಳಗೆ ಜಾಗ ಇಲ್ಲ ಅಂತ ಅನುಮಾನ, ಕೆಲ ಗಂಟೆ ಮೊದಲೇ ಸ್ಟೀರಾಯ್ಡ್ ಕೊಟ್ಟು ಊತ ಇಳಿಸುತ್ತಾರೆ.

ಎಲ್ಲರೂ ಮರೆಯುವುದು ಹೃದಯವನ್ನು. ಹೊರಗಿನಿಂದ ಗಾಳಿ ಒತ್ತುವ ಯಂತ್ರ ಎದೆಯೊಳಗೆ ಸದಾ ಒಂದಿಷ್ಟು ಒತ್ತಡ ಇಟ್ಟಿರುತ್ತದೆ. ಅದರಿಂದ ಹೃದಯಕ್ಕೆ ವಾಪಸ್ ಬರುವ ರಕ್ತ ಕಮ್ಮಿಯಾಗುತ್ತದೆ, ಎಡಭಾಗಕ್ಕೆ ರಕ್ತ ಹೊರದೂಡುವ ಕೆಲಸವೂ ಹಗುರಾಗುತ್ತದೆ. ದುರ್ಬಲ ಹೃದಯಕ್ಕೆ ಇದೊಂದು ಕದ್ದುಮುಚ್ಚಿದ ಸಹಾಯ. ಯಂತ್ರ ತೆಗೆದ ಕ್ಷಣ ರಕ್ತ ನುಗ್ಗುತ್ತದೆ, ಹೊರೆ ಏರುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಶ್ವಾಸಕೋಶ ಸರಿ ಇದೆ, ಎಕ್ಸ್‌ರೇ ಸರಿ ಇದೆ, ಆದ್ರೂ ಪ್ರತಿಸಲ ಪರೀಕ್ಷೆಯಲ್ಲಿ ಸೋಲ್ತಾರೆ ಅನ್ನೋ ಎಷ್ಟೋ ರೋಗಿಗಳ ಹಿಂದೆ ಇರೋದು ಇದೇ. ಅವರಿಗೆ ಬೇಕಾಗಿರೋದು ಮೂತ್ರದ ಮೂಲಕ ನೀರು ಇಳಿಸುವ ಔಷಧಿ ಮತ್ತು ಬಿಪಿಯ ಹತೋಟಿ. ‘ಇನ್ನೂ ನಾಲ್ಕು ದಿನ ಕಾಯೋಣ’ ಅನ್ನೋದರಿಂದ ಅವರಿಗೆ ಏನೂ ಆಗಲ್ಲ.

ಟ್ಯೂಬ್ ತೆಗೆದ ಮೇಲೂ ಒಂದು ಬಲೆ ಇದೆ. ಸಿಒಪಿಡಿ ಇರುವವರಿಗೆ, ಹೃದಯ ದುರ್ಬಲ ಇರುವವರಿಗೆ ತೆಗೆದ ಕೂಡಲೇ ಬೈಪ್ಯಾಪ್ ಮಾಸ್ಕ್ ಹಾಕೋದು ಒಳ್ಳೆಯದು. ಆದ್ರೆ ಉಸಿರು ಸೋಲಲು ಶುರುವಾದ ಮೇಲೆ, ಮತ್ತೆ ಟ್ಯೂಬ್ ಹಾಕೋದು ಬೇಡ ಅಂತ ಮಾಸ್ಕ್‌ನಲ್ಲೇ ಎಳೆದಾಡಿದರೆ? 2004ರಲ್ಲಿ ಇದೇ ಎಸ್ತೆಬಾನ್ ತಂಡ 221 ರೋಗಿಗಳಲ್ಲಿ ನೋಡಿತು. ಮಾಸ್ಕ್ ಹಾಕಿದವರಲ್ಲಿ ಶೇ 25 ಮಂದಿ ಐಸಿಯುನಲ್ಲೇ ತೀರಿಕೊಂಡರು, ಮಾಸ್ಕ್ ಇಲ್ಲದ ಎಂದಿನ ಚಿಕಿತ್ಸೆಯಲ್ಲಿ ಶೇ 14. ಮತ್ತೆ ಟ್ಯೂಬ್ ಬೇಕಾದವರಿಗೆ ಅದು ಬೀಳಲು ಒಂದು ಗುಂಪಿನಲ್ಲಿ ಸುಮಾರು 12 ಗಂಟೆ ಹಿಡಿದಿತ್ತು, ಇನ್ನೊಂದರಲ್ಲಿ ಎರಡೂವರೆ ಗಂಟೆ. ತೆಗೆಯಲು ತಡ ಮಾಡುವ ಮನಸ್ಸೇ ಮತ್ತೆ ಹಾಕಲೂ ತಡ ಮಾಡುತ್ತದೆ.

ಯಂತ್ರ ಎಣಿಸಿದೆವು, ಜನ?

2020ರಲ್ಲಿ ವೆಂಟಿಲೇಟರ್ ಅನ್ನೋ ಪದ ಹಳ್ಳಿಹಳ್ಳಿಗೂ ತಲುಪಿತು. ಪಿಎಂ ಕೇರ್ಸ್ ನಿಧಿಯಿಂದ 2000 ಕೋಟಿ ರೂಪಾಯಿಯಲ್ಲಿ 50,000 ವೆಂಟಿಲೇಟರ್ ಅಂತ ಘೋಷಣೆಯಾಯಿತು. ಅದರಲ್ಲಿ 30,000 ತಯಾರಿಸುವ ಹೊಣೆ ಬೆಂಗಳೂರಿನ ಬಿಇಎಲ್ ಪಾಲಿಗೆ ಬಂತು, ವಿನ್ಯಾಸ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯದ್ದು. ಎಂಜಿನಿಯರ್ ಆಗಿ ನನಗೆ ಇದು ಇವತ್ತಿಗೂ ದೊಡ್ಡ ಸಾಧನೆಯೇ. ಆದ್ರೆ 2021ರ ಎರಡನೇ ಅಲೆಯಲ್ಲಿ ಹಲವು ರಾಜ್ಯಗಳಿಂದ ಒಂದೇ ಥರದ ಸುದ್ದಿ ಬಂತು. ಯಂತ್ರ ಬಂದಿದೆ, ಮೂಲೆಯಲ್ಲಿದೆ. ಕೆಲವು ಕೆಟ್ಟಿದ್ದವು, ಇನ್ನು ಕೆಲವನ್ನು ನಡೆಸಲು ಜನ ಇರಲಿಲ್ಲ. ಯಂತ್ರ ಹಾಕಲು ಒಬ್ಬ ಡಾಕ್ಟರ್ ಹತ್ತು ನಿಮಿಷ ಸಾಕು. ಬಿಡಿಸಲು ಬೇಕಾಗಿರೋದು ಬೆಳಗ್ಗೆ ಅರ್ಧ ಗಂಟೆ ಹಾಸಿಗೆಯ ಪಕ್ಕ ನಿಂತು ಬೆವರು, ಉಸಿರು, ಕಣ್ಣು ನೋಡುವ ಒಬ್ಬ ಮನುಷ್ಯ.

ಇದನ್ನೂ ಯಂತ್ರಕ್ಕೇ ಬಿಡಬಹುದಲ್ಲ ಅಂತ ಕೇಳಬಹುದು. ಬಿಟ್ಟು ನೋಡಿದ್ದಾರೆ. ರೋಗಿಯ ಉಸಿರನ್ನು ತಾನೇ ಅಳೆಯುತ್ತಾ, ಬೆಂಬಲ ಇಳಿಸುತ್ತಾ, ‘ಇನ್ನು ತೆಗೆಯಬಹುದು’ ಅಂತ ಪರದೆಯ ಮೇಲೆ ಹೇಳುವ ವೆಂಟಿಲೇಟರ್‌ಗಳಿವೆ. 2006ರಲ್ಲಿ ಯುರೋಪಿನ 144 ರೋಗಿಗಳಲ್ಲಿ ಇದರಿಂದ ಒಟ್ಟು ವೆಂಟಿಲೇಟರ್ ಅವಧಿ 12 ದಿನದಿಂದ ಏಳೂವರೆಗೆ ಇಳಿಯಿತು. ಎರಡು ವರ್ಷದ ನಂತರ ಆಸ್ಟ್ರೇಲಿಯಾದಲ್ಲಿ ಅದೇ ತಂತ್ರಜ್ಞಾನ ಬಳಸಿದರೆ ಏನೂ ಲಾಭ ಕಾಣಲಿಲ್ಲ. ಅಲ್ಲಿ ಪ್ರತಿ ರೋಗಿಗೆ ಒಬ್ಬ ಅನುಭವಿ ನರ್ಸ್ ಇದ್ದರು. ಒಳ್ಳೆಯ ನರ್ಸ್ ಇರುವಲ್ಲಿ ಆ ಯಂತ್ರ ಸೇರಿಸಿದ್ದು ಸೊನ್ನೆ. ನಮ್ಮಲ್ಲಿ ಅನೇಕ ಐಸಿಯುಗಳಲ್ಲಿ ಒಬ್ಬ ನರ್ಸ್ ಮೂರು ನಾಲ್ಕು ಹಾಸಿಗೆ ನೋಡ್ತಾರೆ, ರಾತ್ರಿ ಪಾಳಿಯಲ್ಲಿ ಇನ್ನೂ ಹೆಚ್ಚು. ರೆಸ್ಪಿರೇಟರಿ ಥೆರಪಿ ಕಲಿಸುವ ಮಣಿಪಾಲದಂಥ ಕಡೆಗಳು ನಮ್ಮ ರಾಜ್ಯದಲ್ಲೇ ಇವೆ. ಅಲ್ಲಿ ಕಲಿತವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಎಷ್ಟು ಹುದ್ದೆ ಮಂಜೂರಾಗಿದೆ ಅಂತ ಕೇಳುವ ಶಾಸಕರನ್ನು ನಾನಂತೂ ನೋಡಿಲ್ಲ. ವೆಂಟಿಲೇಟರ್ ಉದ್ಘಾಟನೆಗೆ ಟೇಪು ಕತ್ತರಿಸಬಹುದು, ಹುದ್ದೆಗೆ ಟೇಪು ಇಲ್ಲವಲ್ಲ!

ಖಾಸಗಿ ಆಸ್ಪತ್ರೆಗಳ ಮಾತು ಬಂದರೆ ಜನ ನೇರವಾಗಿ ಹೇಳೋದು, “ದುಡ್ಡಿಗೋಸ್ಕರ ಇಟ್ಕೊಂಡಿದ್ದಾರೆ.” ಕೆಲವು ಕಡೆ ನಿಜವಿರಬಹುದು. ಆದ್ರೆ ದುರಾಸೆಯೇ ಬೇಕು ಅಂತಿಲ್ಲ. ಯಾರಿಗೂ ಕೇಳುವ ಹೊಣೆ ಕೊಡದಿದ್ದರೆ ಸುಮ್ಮನೆ ಒಂದು ದಿನ ಜಾರುತ್ತೆ. ಶನಿವಾರ ಸಂಜೆಗೆ ದೊಡ್ಡ ಡಾಕ್ಟರ್ ಇಲ್ಲ, ಭಾನುವಾರ ಸಿಬ್ಬಂದಿ ಕಮ್ಮಿ, ಸೋಮವಾರ ನೋಡೋಣ. ದಿನದ ಬಿಲ್ ಮಾತ್ರ ಜಾರಲ್ಲ. ಗದ್ದೆ ಅಡವಿಟ್ಟು ಬಂದವರಿಗೆ ಆ ಎರಡು ದಿನ ಅಂದ್ರೆ ಏನು ಅಂತ ಓದುಗರಿಗೆ ಗೊತ್ತು.

ಹಾಗಾಗಿ ಐಸಿಯು ಹೊರಗೆ ಕೂತವರು ‘ಹೇಗಿದ್ದಾರೆ?’ ಅಂತ ಕೇಳೋದರ ಜೊತೆಗೆ ಇನ್ನೆರಡು ಮಾತು ಕೇಳಬಹುದು. ಇವತ್ತು ನಿದ್ರೆ ಔಷಧಿ ನಿಲ್ಲಿಸಿ ನೋಡಿದ್ರಾ? ಸ್ವಂತ ಉಸಿರಾಟದ ಪರೀಕ್ಷೆ ಆಯ್ತಾ, ಸೋತಿದ್ರೆ ಯಾವ ಕಾರಣಕ್ಕೆ? ಇದು ಜಗಳದ ಪ್ರಶ್ನೆ ಅಲ್ಲ. ‘ಇವತ್ತು ಮಾಡಲ್ಲ, ಬಿಪಿ ಇನ್ನೂ ನಿಂತಿಲ್ಲ’ ಅನ್ನೋದೂ ಪೂರ್ತಿ ಒಪ್ಪತಕ್ಕ ಉತ್ತರ. ಉತ್ತರವೇ ಇಲ್ಲದಿರೋದು ಚಿಂತೆಯ ವಿಷಯ.

ಕೆಲವರು ಪದೇ ಪದೇ ಸೋಲ್ತಾರೆ. ವಾರ, ಎರಡು ವಾರ ದಾಟುತ್ತೆ. ಆಗ ಡಾಕ್ಟರ್ ಕುತ್ತಿಗೆಯಲ್ಲಿ ಸಣ್ಣ ರಂಧ್ರ ಮಾಡಿ ಅಲ್ಲಿಂದ ಕೊಳವೆ ಹಾಕುವ ಮಾತೆತ್ತುತ್ತಾರೆ, ಟ್ರೆಕಿಯಾಸ್ಟಮಿ ಅಂತ. ಕುತ್ತಿಗೆ ಕೊಯ್ತಾರೆ ಅಂದಕೂಡಲೇ ಇನ್ನು ಮುಗೀತು ಅಂತ ಮನೆಯವರು ಕುಸಿಯೋದನ್ನು ನೋಡಿದ್ದೇನೆ. ನಿಜವಾಗಿ ಬಾಯಿ ಖಾಲಿಯಾಗುತ್ತೆ, ನಿದ್ರೆ ಔಷಧಿ ಕಮ್ಮಿ ಸಾಕಾಗುತ್ತೆ, ರೋಗಿಯನ್ನು ಕೂರಿಸಿ ನಿಲ್ಲಿಸಿ ಸ್ನಾಯುಗಳಿಗೆ ಕೆಲಸ ಕೊಡೋದು ಸುಲಭವಾಗುತ್ತೆ. ಚೇತರಿಸಿಕೊಂಡ ಅನೇಕರಲ್ಲಿ ಕೊಳವೆ ತೆಗೆದ ಮೇಲೆ ಆ ರಂಧ್ರ ತಾನಾಗಿ ಮುಚ್ಚಿಕೊಳ್ಳುತ್ತದೆ. ಬೇಗ ಮಾಡಿದರೆ ಹೆಚ್ಚು ಜನ ಬದುಕುತ್ತಾರಾ ಅಂತ ಬ್ರಿಟನ್ನಿನಲ್ಲಿ ದೊಡ್ಡದಾಗಿ ಪರೀಕ್ಷಿಸಿದಾಗ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಆ ತೀರ್ಮಾನಕ್ಕೆ ಒಂದೆರಡು ದಿನ ತಗೊಂಡ್ರೆ ತಪ್ಪಿಲ್ಲ.

ಇನ್ನು ಟ್ಯೂಬ್ ತೆಗೆದ ಮೊದಲ ದಿನ. ಧ್ವನಿ ಒಡೆದಿರುತ್ತೆ, ಪಿಸುಮಾತಿನಲ್ಲಿ ಮಾತಾಡ್ತಾರೆ, ಕೆಲವರು ಎಲ್ಲಿದ್ದೀನಿ ಅಂತ ತಿಳಿಯದೆ ಹಳೆಯ ಹೆಸರುಗಳನ್ನೆಲ್ಲ ಕರೀತಾರೆ. ಬಾಯಾರಿಕೆ ಅಂತಾರೆ. ಮನೆಯವರು ಆಗಲೇ ಎಳನೀರು ತಂದಿಟ್ಟಿರ್ತಾರೆ. ಸ್ವಲ್ಪ ತಡೀರಿ. ಇಷ್ಟು ದಿನ ಟ್ಯೂಬ್ ಇದ್ದ ಗಂಟಲಿಗೆ ನುಂಗೋದು ಮರೆತ ಹಾಗೆ ಆಗಿರುತ್ತೆ, ಒಂದು ಗುಟುಕು ಅಡ್ಡದಾರಿ ಹಿಡಿದು ಶ್ವಾಸಕೋಶಕ್ಕೆ ಇಳಿದರೆ ಮತ್ತೆ ನ್ಯುಮೋನಿಯಾ. ನರ್ಸ್ ಬಂದು ಒಂದು ಚಮಚ ನೀರು ಕುಡಿಸಿ, ಕೆಮ್ಮು ಬರಲಿಲ್ಲ, ಧ್ವನಿ ಗೊರಗೊರ ಅನ್ನಲಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ಎಳನೀರು ಕೊಡಬಹುದು.